ಅಕ್ಕನ ಊರಿನ ಚಳಿಯಲ್ಲಿ ನಿಲ್ಲುವಾಕೆ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಸ್ತೆಯಲ್ಲಿ ಆಗಲೇ ಸೆಕೆ. ಬಸ್ಸಿಗೆ ಕಾಯುವವರು ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಎದುರಿನ ಗೋದಾಮಿನಂಥ ಕಟ್ಟಡದ ಕೊನೆಯ ಕೋಣೆಯಲ್ಲಿ ಮಾತ್ರ ಶೂನ್ಯಕ್ಕಿಂತ ಏಳು ಡಿಗ್ರಿ ಕೆಳಗಿನ ಚಳಿ. ಅದರ ನಟ್ಟನಡುವೆ ಒಬ್ಬ ಹೆಂಗಸು ಕೈಕಟ್ಟಿ ನಿಂತಿದ್ದಾಳೆ. ದಪ್ಪ ಕೋಟು ಹೊರಗಿನ ಗೂಟದಲ್ಲೇ ನೇತಾಡುತ್ತಿದೆ. ಗಾಜಿನ ಕಿಂಡಿಯ ಈಚೆ ಮೇಲ್ವಿಚಾರಕರು ಗಡಿಯಾರ ನೋಡುತ್ತಾ ಗೊಣಗುತ್ತಿದ್ದಾರೆ: "ಈಯಮ್ಮನಿಗೆ ಯಾರು ಹೇಳೋರು! ನೆಗಡಿ ಬಂದ್ರೆ ನನ್ನ ತಲೆಗೆ ಕಟ್ತಾರೆ."

ಸ್ವಲ್ಪ ಹೊತ್ತಿಗೆ ಆಕೆ ಹೊರಗೆ ಬರುತ್ತಾಳೆ. ಹಲ್ಲು ಕಟಕಟ ಅನ್ನುತ್ತಿದೆ, ಮೂಗು ಕೆಂಪಾಗಿದೆ. ಅಂಗೈ ಉಜ್ಜಿ, ಫ್ಲಾಸ್ಕಿನ ಚಹಾ ಒಂದು ಗುಟುಕು ಒಳಗೆ ಹೋದ ಮೇಲೆಯೇ ಮಾತು. "ನಮ್ಮಕ್ಕನ ಊರಲ್ಲಿ ಇವತ್ತು ಇಷ್ಟೇ ಚಳಿ. ಕೋಟು ಹಾಕ್ಕೊಂಡ್ರೆ ಗೊತ್ತಾಗಲ್ಲ ನೋಡಿ."

ಮನೆ ತಂಪು ಮಾಡುವ, ಬೆಚ್ಚಗೆ ಮಾಡುವ ಯಂತ್ರಗಳ ಮೇಲೆ ನಕ್ಷತ್ರಗಳ ಚೀಟಿ ಇರುತ್ತದಲ್ಲ, ಆ ನಕ್ಷತ್ರ ಎಷ್ಟು ಎಂಬುದು ತೀರ್ಮಾನವಾಗುವುದು ಇಂಥ ಕಟ್ಟಡದಲ್ಲಿ. ಅಕ್ಕಪಕ್ಕ ಎರಡು ಕೋಣೆ, ನಡುವೆ ದಪ್ಪ ಗೋಡೆ. ಯಂತ್ರದ ಒಂದು ಭಾಗ ಈಚೆ, ಇನ್ನೊಂದು ಆಚೆ. ಒಂದು ಕೋಣೆಗೆ 'ಮನೆ' ಅಂತ ಹೆಸರು, ಇನ್ನೊಂದಕ್ಕೆ 'ಹೊರಗೆ'. ಆ 'ಹೊರಗೆ' ಯಾವ ಹವೆ ಬೇಕೋ ಅದನ್ನು ತಯಾರು ಮಾಡಿ, ಅದು ಕದಲದಂತೆ ಕಾಯುವುದು ಈಕೆಯ ಕೆಲಸ. ಬೆಳಿಗ್ಗೆ ಉರಿಬೇಸಿಗೆ ಕೇಳಿದರೆ ಉರಿಬೇಸಿಗೆ, ಮಧ್ಯಾಹ್ನ ಹಿಮ ಬೀಳುವಂಥ ಚಳಿ ಕೇಳಿದರೆ ಅದೂ ಸರಿ. ಉಷ್ಣಾಂಶ ಅಳೆಯುವ ತಂತಿಗಳನ್ನು ಒಂದೊಂದಾಗಿ ಕಟ್ಟುತ್ತಾಳೆ, ಗೋಡೆಯ ಸಂದಿಗಳಿಗೆ ಟೇಪು ಅಂಟಿಸುತ್ತಾಳೆ. ಸಾಸಿವೆಯಷ್ಟು ಸಂದಿ ಉಳಿದರೂ ಲೆಕ್ಕ ಕೆಡುತ್ತದೆ, ಇಡೀ ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಜೊತೆಗಾರರು ಈಕೆಯನ್ನು 'ಚಳಿಯಮ್ಮ' ಎನ್ನುತ್ತಾರೆ. ಬೇಸಿಗೆಯ ಪರೀಕ್ಷೆ ನಡೆಯುವ ದಿನವೂ ಅದೇ ಹೆಸರು.

ನಕ್ಷತ್ರ ಎಂದರೇನು ಎಂದು ಕೇಳಿದರೆ ಚಳಿಯಮ್ಮನ ಉತ್ತರ ಚುಟುಕು. "ತಿಂದಿದ್ದೆಷ್ಟು, ದುಡಿದಿದ್ದೆಷ್ಟು? ಅಷ್ಟೇ. ಕಮ್ಮಿ ಕರೆಂಟು ತಿಂದು ಜಾಸ್ತಿ ದುಡಿದ್ರೆ ಜಾಸ್ತಿ ನಕ್ಷತ್ರ. ಗಂಡಂದಿರಿಗೂ ಇಂಥದ್ದೊಂದು ಚೀಟಿ ಅಂಟಿಸಬೇಕು ಅಂತ ನಾನು ಯಾವಾಗ್ಲೂ ಹೇಳೋದು." ಗಂಡ ದರ್ಜಿ. ಈ ಮಾತು ಪತ್ರಿಕೆಯಲ್ಲಿ ಅಚ್ಚಾದರೆ ಆತನೇ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸುತ್ತಾನಂತೆ, ಅಷ್ಟು ಭಂಡ!

ನಗು ಮುಗಿದ ಮೇಲೆ ದನಿ ಇಳಿಯುತ್ತದೆ. "ಒಂದು ವಿಷಯ ಬರ್ಕೊಳ್ಳಿ. ತಂಪು ಮಾಡೋ ಕೆಲಸಕ್ಕೆ ಒಂದು ಸಾಲು ನಕ್ಷತ್ರ, ಬೆಚ್ಚಗೆ ಮಾಡೋ ಕೆಲಸಕ್ಕೆ ಇನ್ನೊಂದು ಸಾಲು. ಮೆಷಿನ್ನು ಒಂದೇ, ಮಾರ್ಕ್ಸು ಬೇರೆ ಬೇರೆ. ಚಳಿಗಾಳೀಲೂ ಒಂಚೂರು ಬಿಸಿ ಇರುತ್ತೆ, ಅದನ್ನ ಹಿಂಡಿ ಹಿಂಡಿ ಒಳಗೆ ತರಬೇಕು. ಹೊರಗೆ ಚಳಿ ಏರಿದಷ್ಟೂ ಅದಕ್ಕೆ ಕಷ್ಟ. ನಮ್ಮೂರಿನ ಹವೆಗೆ ಯಾವ ಸಾಲು ಅಂತ ನೋಡದೆ ತಗೊಂಡ್ರೆ ಕೆಟ್ವಿ." ಇದನ್ನು ಆಕೆ ಪುಸ್ತಕ ಓದಿ ಕಲಿತದ್ದಲ್ಲ. ಅಕ್ಕನನ್ನು ಚಳಿಯಲ್ಲಿ ಕೂರಿಸಿ ಕಲಿತದ್ದು.

ಅವ್ವ ಬೇಗ ಹೋದಳು. ಸಾಕಿದ್ದು ಅಕ್ಕ. ಒಂದೇ ಕೋಣೆಯ ಮನೆ, ಇಬ್ಬರಿಗೂ ಒಂದೇ ಕಂಬಳಿ. ರಾತ್ರಿ ಕಂಬಳಿ ಎಳೆದಾಡಿ ಜಗಳ, ಬೆಳಿಗ್ಗೆ ನೋಡಿದರೆ ಕಂಬಳಿಯೆಲ್ಲ ತಂಗಿಯ ಮೇಲೆ. ತಾನೇ ಗೆದ್ದೆ ಎಂದು ಈಕೆ ಬಹಳ ವರ್ಷ ನಂಬಿಕೊಂಡಿದ್ದಳಂತೆ. ಅಕ್ಕ ಮದುವೆಯಾಗಿ ಹೋದದ್ದು ಸಮುದ್ರದಾಚೆಯ ಚಳಿ ದೇಶಕ್ಕೆ. ಬಾವ ತೀರಿಕೊಂಡರು. ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವ ವಿಭಾಗದ ಕೆಲಸ ಬಿಟ್ಟು ಬರಲಾಗದೆ ಅಕ್ಕ ಅಲ್ಲೇ ಉಳಿದಳು. ಹೋದವಳು ಒಮ್ಮೆಯೂ ಈ ಕಡೆ ತಲೆಹಾಕಲಿಲ್ಲ. ಈಕೆಯ ಮಗಳು ದೊಡ್ಡಮ್ಮನನ್ನು ಕಂಡಿರುವುದು ಫೋನಿನಲ್ಲೇ.

ಈಕೆ ಇಲ್ಲಿ ಕೆಲಸಕ್ಕೆ ಸೇರಿದ ಹೊಸತು. ಒಂದು ದಿನ ಅಕ್ಕ ಅಂಗಡಿಯಿಂದಲೇ ಫೋನು ಮಾಡಿದಳು: ಮನೆಗೆ ಬಿಸಿಗಾಳಿಯ ಯಂತ್ರ ಬೇಕು, ಯಾವುದು ತಗೊಳ್ಳಲಿ? ಅಲ್ಪವಿದ್ಯಾ ಮಹಾಗರ್ವಿ! "ಚೀಟಿ ಓದು" ಎಂದಳು ತಂಗಿ. "ಐದು ನಕ್ಷತ್ರ ಅದೆ ಕಣೇ" ಎಂದಳು ಅಕ್ಕ. "ಹಾಗಾದ್ರೆ ಕಣ್ಮುಚ್ಕೊಂಡು ತಗೋ!"

ಯಾವ ಸಾಲಿನಲ್ಲಿ ಐದು ಎಂದು ಕೇಳಲೇ ಇಲ್ಲ.

ಹೋದ ಚಳಿಗಾಲದಲ್ಲಿ ವಿಡಿಯೊ ಮಾತಿನ ನಡುವೆ ಅಕ್ಕನ ತಲೆಯ ಮೇಲೆ ಉಣ್ಣೆ ಟೋಪಿ ಕಾಣಿಸಿತು. ಮನೆಯೊಳಗೆ ಟೋಪಿ ಯಾಕೆ? "ಇಲ್ಲಿ ಈಗ ಇದೇ ಫ್ಯಾಷನ್ನು, ನಿನಗೇನು ಗೊತ್ತು." ಕೈಯಲ್ಲಿ ಗ್ಲೌಸು ಯಾಕೆ? ಅಕ್ಕ ಕೈ ಕೆಳಗಿಳಿಸಿದಳು. ಚೀಟಿ ತೋರಿಸು ಎಂದರೆ ಜಪ್ಪಯ್ಯ ಎಂದರೂ ತೋರಿಸಲೊಲ್ಲಳು. ಕೊನೆಗೆ ತೋರಿಸಿದಳು. ಐದು ನಕ್ಷತ್ರ ಇದ್ದದ್ದು ತಂಪಿನ ಸಾಲಿನಲ್ಲಿ. ಬಿಸಿಯ ಸಾಲಿನಲ್ಲಿ ಎರಡೇ, ಅದೂ ಅಷ್ಟೇನೂ ಚಳಿಯಿಲ್ಲದ ಊರಿಗೆ. ಅಕ್ಕನಿಗೆ ಇದು ಮೊದಲ ಚಳಿಗಾಲದಲ್ಲೇ ಗೊತ್ತಾಗಿತ್ತು. ತಂಗಿಗೆ ನೋವಾಗುತ್ತದೆ ಎಂದು ಬಾಯಿ ಬಿಟ್ಟಿರಲಿಲ್ಲ. "ಮಾಡಿದ್ದು ನಾನು, ಉಂಡಿದ್ದು ಅವಳು" ಎನ್ನುವಾಗ ಚಳಿಯಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾಳೆ. ಈ ಸಲ ಅದು ಚಳಿಗಲ್ಲ.

ಆ ವಾರ ಇಲ್ಲಿ ಚಳಿಯ ಪರೀಕ್ಷೆ ಇತ್ತು. ಮೊದಲ ಸಲ ಕೋಟು ಬಿಟ್ಟು ಒಳಗೆ ಹೋದಳು. ಬೆರಳು ಮರಗಟ್ಟುವವರೆಗೆ ನಿಂತಳು. ಹೊರಗೆ ಬಂದವಳೇ ಫೋನು ಹಚ್ಚಿ, "ಆ ಮೆಷಿನ್ನು ಕಿತ್ತು ಬಿಸಾಕು, ಬೇರೆ ತಗೋ" ಎಂದಳು.

ಅಲ್ಲೇ ಇದ್ದದ್ದು ಪೇಚು. ಆ ಬೇಸಿಗೆಗೆ ಊರಿಗೆ ಬರಲೆಂದು ಅಕ್ಕ ವರ್ಷಗಟ್ಟಲೆ ಕೂಡಿಟ್ಟಿದ್ದಳು. ಯಂತ್ರ ಕೊಂಡರೆ ಪ್ರಯಾಣವಿಲ್ಲ, ಪ್ರಯಾಣ ಮಾಡಿದರೆ ಯಂತ್ರವಿಲ್ಲ. ತಂಗಿ ಕಳಿಸುತ್ತೇನೆಂದ ಹಣವನ್ನು ಅಕ್ಕ ಮುಟ್ಟಲೊಪ್ಪಲಿಲ್ಲ. "ಟೋಪಿ ಹಾಕ್ಕೊಂಡು ಇನ್ನೊಂದು ವರ್ಷ ತಳ್ತೀನಿ ಕಣೇ. ನಿನ್ನ ಮುಖ ನೋಡ್ಬೇಕು ನಂಗೆ" ಎಂದಳು.

ಬಾ ಎನ್ನಬೇಕೆಂದು ಈಕೆಗೆ ಜೀವ ಹೊಡೆದುಕೊಳ್ಳುತ್ತಿತ್ತು. ಮಗಳು ಆಗಲೇ ದೊಡ್ಡಮ್ಮನಿಗೆಂದು ತನ್ನ ಮಂಚದ ಅರ್ಧ ಭಾಗ ಖಾಲಿ ಮಾಡಿಟ್ಟಿದ್ದಳು. ಆದರೂ ಈಕೆ ಹೇಳಿದ್ದು: "ಬಂದ್ರೆ ನಾನು ಬಾಗಿಲು ತೆಗೆಯಲ್ಲ, ನೋಡ್ತಿರು." ಮೂರು ವಾರ ಇಬ್ಬರಲ್ಲೂ ಮಾತಿಲ್ಲ. ಆಮೇಲೆ ಅಕ್ಕನೇ ಅಂಗಡಿಯಿಂದ ಫೋನು ಮಾಡಿದಳು. ಈ ಸಲ ತಂಗಿ ಚೀಟಿಯ ಒಂದಕ್ಷರವನ್ನೂ ಬಿಡಲಿಲ್ಲ. ಬಿಸಿಯ ಸಾಲು ಯಾವುದು, ಯಾವ ಹವೆಯ ಊರಿಗೆ, ಕೋಣೆಯ ಅಳತೆಗೆ ಸರಿಯೇ, ಎಲ್ಲ ಎರಡೆರಡು ಸಲ ಓದಿಸಿದಳು. ಅಂಗಡಿಯವನು ಬೇಸತ್ತು ಕುರ್ಚಿ ತಂದುಕೊಟ್ಟನಂತೆ.

ಈ ಚಳಿಗಾಲ ಅಕ್ಕನ ತಲೆಯ ಮೇಲೆ ಟೋಪಿಯಿಲ್ಲ. "ನಿದ್ದೇಲಿ ಕಂಬಳಿ ಒದ್ದು ಮಲಗ್ತೀನಿ ಕಣೇ" ಎಂದಳಂತೆ. ಮುಂದಿನ ಬೇಸಿಗೆಗೆ ಬರುವ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಅಕ್ಕ ಬೆಚ್ಚಗಿದ್ದಾಳಲ್ಲ, ಇನ್ನೂ ಯಾಕೆ ಕೋಟಿಲ್ಲದೆ ನಿಲ್ಲುವುದು? ಚಳಿಯಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಾಳೆ. ಒಳಗೆ ಪರೀಕ್ಷೆ ಶುರುವಾಗುವ ಹೊತ್ತು. ಮೇಲ್ವಿಚಾರಕರು ಕಿಂಡಿ ತಟ್ಟಿ ಕರೆಯುತ್ತಿದ್ದಾರೆ.

"ಅಕ್ಕ ಬೆಚ್ಚಗಿದ್ದಾಳೆ, ಸಾಕು ಅನ್ನಬೇಕು. ಸಾಲದು ಕಣ್ರೀ" ಎನ್ನುತ್ತಾಳೆ, ಎದ್ದು, ಕೆಲಸಕ್ಕೆಂದು ಈಗ ಕೋಟು ಹಾಕಿಕೊಳ್ಳುತ್ತಾ. "ಆ ಕೋಣೇಲಿ ಹಾಗೆ ನಿಂತ್ರೆ ಅವಳ ಮನೆ ಬಾಗಿಲಲ್ಲೇ ನಿಂತ ಹಾಗೆ ಅನ್ಸುತ್ತೆ. ಇನ್ನೊಂದು ಚೂರು ತಡ್ಕೊಂಡ್ರೆ ಬಾಗಿಲು ತೆಗೆದು ಬಯ್ತಾಳೆ ಅನ್ಸುತ್ತೆ. ಚಳೀಲಿ ಯಾಕೆ ನಿಂತಿದ್ದೀಯೇ ಮಂಕೇ, ಒಳಗೆ ಬಾ, ಅಂತ."