ದಿವಾಕರನಿಗೆ ಲಗ್ನ ಮಾಡಬೇಕೋ ಬ್ಯಾಡೋ

ಈ ವಯಸ್ಸಿನಲ್ಲಿ ಹೇಳಿಕೊಳ್ಳಲು ಇನ್ನೇನು ನಾಚಿಕೆ? ನಾನು ಮೊಟ್ಟಮೊದಲು ಮನಸ್ಸು ಕೊಟ್ಟ ಗಂಡಸು ವಿಜಾಪುರದ ಒಂದು ಪುಸ್ತಕದಂಗಡಿಯಲ್ಲಿ ಬಾಡಿಗೆಗೆ ಸಿಗುತ್ತಿದ್ದ. ಹೆಸರು ಪತ್ತೇದಾರ ದಿವಾಕರ. ಎತ್ತರದ ಆಳು, ಕರಿ ಕೋಟು, ಮಾತು ಕಡಿಮೆ. ಕೊಲೆಗಾರರನ್ನು ಹಿಡಿಯುವುದು ಬಿಟ್ಟರೆ ಬೇರೆ ಚಟ ಇರಲಿಲ್ಲ. ಅಂಥವನು ಶನಿವಾರದ ಬಸ್ಸಿಗೆ ತಿಕೋಟಾದ ನಮ್ಮ ಮನೆಗೆ ಬರುತ್ತಿದ್ದ, ಮೂಲೆಗಳೆಲ್ಲ ಮಡಚಿಕೊಂಡು, ಯಾರದೋ ಮನೆಯ ಚಹಾದ ಕಲೆ ಮೈಮೇಲೆ ಹೊತ್ತುಕೊಂಡು. ನನಗಿಂತ ಮೊದಲು ಎಷ್ಟು ಮಂದಿ ಅವನನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದರೋ ಏನೋ. ನನಗೆ ಅದರ ಬೇಜಾರಿರಲಿಲ್ಲ.

ಮೊನ್ನೆ ಮೊಮ್ಮಗಳು ಟೀವಿಯ ಪತ್ತೇದಾರನೊಬ್ಬನ ಸಲುವಾಗಿ ಗೆಳತಿಯ ಜೊತೆ ಫೋನಿನಲ್ಲಿ ಜಗಳಾಡುತ್ತಿದ್ದಳು. ಅವನಿಗೆ ಹೆಣ್ಣೆಂದರೆ ಇಷ್ಟವೋ, ಗಂಡೆಂದರೆ ಇಷ್ಟವೋ, ಯಾರೂ ಬೇಡವೋ? ಒಳಗೆ ಪ್ರೀತಿ ಇದೆಯೋ, ಬರೀ ಬುದ್ಧಿ ಇದೆಯೋ? ನಾನು ಕಿವಿ ಕೊಟ್ಟಿದ್ದು ನೋಡಿ, ನಿಮ್ಮ ಕಾಲದಲ್ಲಿ ಇಂಥಾವೆಲ್ಲ ಎಲ್ಲಿ ಗೊತ್ತಿತ್ತು ಬಿಡಜ್ಜಿ ಅಂದಳು. ಅಲ್ರೀ, ಈ ಜಗಳವನ್ನು ನಾವು ಅರವತ್ತರ ದಶಕದಲ್ಲೇ ಆಡಿ ಮುಗಿಸಿದ್ದೆವು. ಅದೂ ಕೌದಿ ಹೊಲಿಯುತ್ತಾ!

ಬೇಸಿಗೆ ಬಂತೆಂದರೆ ನಮ್ಮ ಪಡಸಾಲೆಯಲ್ಲಿ ಹಳೆ ಸೀರೆ, ಹಳೆ ಧೋತರ ಹರವಿಕೊಂಡು ಹೆಂಗಸರು ಸುತ್ತ ಕೂರುತ್ತಿದ್ದರು. ಒಂದು ಅಂಚಿಗೆ ನಮ್ಮಾಯಿ, ಅಂದರೆ ಅಪ್ಪನ ತಾಯಿ. ಎದುರಿಗೆ ಬಬಲೇಶ್ವರದ ಚಿಗವ್ವ, ನಮ್ಮ ನಡುವಿನ ಕಾಕಾನ ಹೆಂಡತಿ. ಮಗ್ಗುಲಿಗೆ ನೆರೆಮನೆಯ ಗೌರಕ್ಕ. ನನ್ನ ಹೊಲಿಗೆ ಕಪ್ಪೆ ಕುಪ್ಪಳಿಸಿದ ಹಾಗಿರುತ್ತಿದ್ದುದರಿಂದ ನನ್ನ ಕೈಯಿಂದ ಸೂಜಿ ಕಸಿದು ಪುಸ್ತಕ ಕೊಟ್ಟಿದ್ದರು. ಏಳನೆಯ ಇಯತ್ತೆ ಓದಿದ್ದು ಸಾರ್ಥಕವಾಗಲಿ ಅಂತ.

ಪುಸ್ತಕ ತರುತ್ತಿದ್ದವನು ಶಿವಪ್ಪ ಕಾಕಾ, ಆಯಿಯ ಕಡೆಯ ಮಗ. ವಿಜಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಅಲ್ಲೇ ಬಸಣ್ಣ ಮಾಸ್ತರರ ಜೊತೆ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದ. ಶನಿವಾರ ಇಬ್ಬರೂ ಕೂಡಿ ಬರುವುದು, ಸೋಮವಾರ ಬೆಳಿಗ್ಗೆ ಇಬ್ಬರೂ ಕೂಡಿ ಹೋಗುವುದು. ಮಾಸ್ತರರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲವಾದ್ದರಿಂದ ನಮ್ಮ ಮನೆಯೇ ಅವರ ಮನೆಯಾಗಿತ್ತು.

ಈಗ ದಿವಾಕರನ ಸಂಗತಿಗೆ ಬರೋಣ. ಆ ಪುಣ್ಯಾತ್ಮ ಲಗ್ನವಾಗಿರಲಿಲ್ಲ. ಪ್ರತಿ ಕಾದಂಬರಿಯಲ್ಲೂ ಒಬ್ಬ ಚೆಲುವೆ ಅವನ ಮೇಲೆ ಜೀವ ಇಡುತ್ತಿದ್ದಳು, ಅವನು ಅವಳ ಅಪ್ಪನ ಕೊಲೆಗಾರನನ್ನು ಹಿಡಿದುಕೊಟ್ಟು ಕೈಮುಗಿದು ಹೊರಟುಬಿಡುತ್ತಿದ್ದ. ಕೊನೆಯ ಸಾಲು ಮಾತ್ರ ಯಾವತ್ತೂ ಒಂದೇ: 'ದಿವಾಕರ ನಸುನಕ್ಕ. ಆ ನಗೆಯ ಅರ್ಥ ಅವನ ಸಹಾಯಕ ವಾಸುವಿಗೆ ಮಾತ್ರ ತಿಳಿದಿತ್ತು.'

ಸರಿ, ವಾಸುವಿಗೆ ತಿಳಿದದ್ದೇನು? ಇಷ್ಟು ಸಾಕಲ್ಲ! ಸೂಜಿಗಳು ನಿಲ್ಲುತ್ತಿದ್ದವು. ಚಿಗವ್ವನ ಪ್ರಕಾರ ದಿವಾಕರ ಹರೆಯದಲ್ಲಿ ಯಾರನ್ನೋ ಮೆಚ್ಚಿದ್ದ, ಹಿರಿಯರು ಆಕೆಯನ್ನು ಬೇರೆ ಊರಿಗೆ ಕೊಟ್ಟುಬಿಟ್ಟಿದ್ದರು. ಇದನ್ನು ಹೇಳುವಾಗ ಚಿಗವ್ವ ತನ್ನ ತವರು ಬಬಲೇಶ್ವರದ ದಿಕ್ಕಿಗೆ ನೋಡುತ್ತಿದ್ದಳು. ಗೌರಕ್ಕನ ಗಂಡ ಕತ್ತಲಾದರೂ ಮನೆ ಸೇರುವವನಲ್ಲ. ಹಾಗಾಗಿ ಆಕೆಗೆ ದಿವಾಕರ ಸಂಜೆಗೆ ನೆಟ್ಟಗೆ ಮನೆಗೆ ಬಂದು ಚಹಾ ಕುಡಿಯುತ್ತಾನೆ ಅನ್ನುವುದೇ ದೊಡ್ಡ ಗುಣ. ಒಮ್ಮೆ ಮಾತ್ರ ಆಕೆ, ಅವನಿಗೆ ಹೆಣ್ಣಿನ ಆಸೆನೇ ಇಲ್ಲೇನೋ, ಆ ವಾಸುನ ಮ್ಯಾಲೇ... ಅಂತ ಶುರು ಮಾಡಿದಳು. ಚಿಗವ್ವ ನನ್ನ ಕಡೆ ನೋಡಿ ಆಕೆಯತ್ತ ಕಣ್ಣು ಕೆಕ್ಕರಿಸಿದಳು. ಗೌರಕ್ಕ ದಾರ ಕಚ್ಚುವ ನೆವದಲ್ಲಿ ಬಾಯಿ ಮುಚ್ಚಿಕೊಂಡಳು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ದರೆ, ಅವನು ನಾನು ದೊಡ್ಡವಳಾಗಲಿ ಅಂತ ಕಾಯುತ್ತಿದ್ದಾನೆ ಅನ್ನುತ್ತಿದ್ದೆ.

ದೊಡ್ಡ ದೊಡ್ಡ ಗ್ರಂಥಗಳಿಗೆ ಭಾಷ್ಯ ಬರೆದ ಪಂಡಿತರೂ ಹೀಗೇ ಇರಬಹುದೇ ಅಂತ ನನಗೆ ಅನುಮಾನ. ಮೂಲದಲ್ಲಿ ಇರುವುದು ಒಂದು ಸಾಲು, ಉಳಿದದ್ದೆಲ್ಲ ಅವರವರ ಮನೆಯ ಚಿಂತೆ.

ನಮ್ಮ ಮನೆಯ ಚಿಂತೆ ಶಿವಪ್ಪ ಕಾಕಾ. ತಲೆಯಲ್ಲಿ ನಾಲ್ಕು ಬಿಳಿ ಕೂದಲು ಬಂದರೂ ಬಂದ ಹೆಣ್ಣನ್ನೆಲ್ಲ ಒಲ್ಲೆ ಅಂದಿದ್ದ. ಯಾಕೆ ಅಂತ ಕೇಳಿದರೆ ನೆಲ ನೋಡುತ್ತಿದ್ದ. ಲಗ್ನ ಆಗದೆ ಹುಚ್ಚು ಬಿಡೂದಿಲ್ಲ, ಹುಚ್ಚು ಬಿಡದೆ ಲಗ್ನ ಆಗೂದಿಲ್ಲ ಅಂತ ಚಿಗವ್ವ ಹಾಸ್ಯ ಮಾಡುತ್ತಿದ್ದಳು. ಆ ವರ್ಷ ಅಪ್ಪನ ತಾಳ್ಮೆ ಮುಗಿದಿತ್ತು. ನಿಡೋಣಿಯ ಒಳ್ಳೆ ಮನೆತನದ ಹುಡುಗಿ, ಸೋಮವಾರ ಹೋಗಿ ಮಾತು ಕೊಟ್ಟು ಬರುತ್ತೇನೆ, ಅವನನ್ನು ಕೇಳುವುದೇನೂ ಉಳಿದಿಲ್ಲ ಅಂದುಬಿಟ್ಟ. ಹೆಂಗಸರು ಹೊಲಿಯುತ್ತಿದ್ದ ಕೌದಿಯೂ ಅದರದೇ. ಲಗ್ನದ ಕೌದಿ ಅಂದರೆ ಇಬ್ಬರಿಗಾಗುವಷ್ಟು ಅಗಲ.

ಭಾನುವಾರ ಮಧ್ಯಾಹ್ನ ಕಾಕಾ ಮತ್ತು ಮಾಸ್ತರರು ಬಾಗಿಲ ಹತ್ತಿರ ಕುಳಿತು ಶೇಂಗಾ ಒಡೆಯುತ್ತಿದ್ದರು. ಕಾಕಾನ ಮುಖ ಎರಡು ದಿನದಿಂದ ಬಾಡಿತ್ತು. ಮಾಸ್ತರರು ಒಡೆದ ಕಾಳನ್ನೆಲ್ಲ ಅವನ ಮುಂದೆ ಸರಿಸುತ್ತಿದ್ದರು, ಅವನು ತಿನ್ನುತ್ತಿರಲಿಲ್ಲ. ನಾನು ಕೊನೆಯ ಸಾಲು ಓದಿ ಪುಸ್ತಕ ಮುಚ್ಚಿದೆ. ಈ ದಿವಾಕರನಿಗೆ ಒಂದು ಹೆಣ್ಣು ಕಟ್ಟಿದರೆ ಎಲ್ಲಾ ನೆಟ್ಟಗಾಗುತ್ತದೆ ಅಂತ ಗೌರಕ್ಕ ಅಂದಳು. ಆಯಿ ಈ ವಾದಗಳಲ್ಲಿ ಯಾವತ್ತೂ ಬಾಯಿ ಹಾಕಿದವಳಲ್ಲ. ಆ ದಿನ ತಲೆ ಎತ್ತದೆ, ಹೊಲಿಯುತ್ತಲೇ ಕೇಳಿದಳು.

"ಶಿವಪ್ಪ, ಈ ಪುಸ್ತಕ ತರಾಂವ ನೀನ. ನೀ ಹೇಳು. ದಿವಾಕರಗ ಲಗ್ನ ಮಾಡಿದ್ರ ಸುಖದಿಂದ ಇರತಾನೇನು?"

ಕಾಕಾ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟ. ಆಮೇಲೆ ಅಂದ: "ಇಲ್ಲ ಯವ್ವಾ. ಅಂವನೂ ಇರೂದಿಲ್ಲ, ಆ ಹುಡುಗಿನೂ ಇರೂದಿಲ್ಲ."

"ಆ ವಾಸು ಅದಾನಲ್ಲ. ಊಟ ಆತೇನಂತ ಇವಂಗ ಕೇಳತಾನೇನು?"

"ದಿನಾ ಕೇಳತಾನ."

"ಇಂವ ಜಡ್ಡು ಬಿದ್ರ?"

"ಹಾಸಿಗಿ ಮಗ್ಗಲಾ ಬಿಟ್ಟ ಏಳೂದಿಲ್ಲ." ಮಾಸ್ತರರು ಶೇಂಗಾ ಒಡೆಯುವುದನ್ನು ನಿಲ್ಲಿಸಿ ಕೈ ನೋಡಿಕೊಳ್ಳುತ್ತಿದ್ದರು.

"ಹಂಗಾರ ಅಂವ ಒಬ್ಬಂವ ಇಲ್ಲ," ಅಂದಳು ಆಯಿ. "ಬಿಡ್ರಿ ಅವನ್ನ. ಯಾರದೋ ಮನಿ ಹುಡುಗಿ ಬಾಳು ಯಾಕ ಹಾಳ ಮಾಡೂದು."

ನಾನು ಇದನ್ನು ಪುಸ್ತಕದ ಮಾತೆಂದೇ ತಿಳಿದು ಖುಷಿಪಟ್ಟೆ. ದಿವಾಕರ ನನಗೆ ಉಳಿದ! ಆದರೆ ಅವತ್ತು ರಾತ್ರಿ ಊಟಕ್ಕೆ ಕುಳಿತಾಗ, ನಿಡೋಣಿಗೆ ಹೋಗಬೇಡ ಅಂತ ಆಯಿ ಅಪ್ಪನಿಗೆ ಹೇಳಿದಳು. ಅಪ್ಪ ತಾಟು ಸರಿಸಿ ಕೂಗಾಡಿದ. ಮಂದಿ ಏನಂದಾರು, ಈ ಮನೆಯಲ್ಲಿ ಹಿರಿಯರು ಯಾರೂ ಇಲ್ಲವೇ ಅಂದ. ನಾನಿದ್ದೀನಲ್ಲ, ಅವನನ್ನು ಕೇಳಿದ್ದೇನೆ, ಅವನು ಹೇಳಿದ್ದಾನೆ ಅಂದಳು ಆಯಿ. ಅಪ್ಪ ತಿಂಗಳುಗಟ್ಟಲೆ ತಮ್ಮನ ಜೊತೆ ಮಾತು ಬಿಟ್ಟ, ಆದರೆ ನಿಡೋಣಿಗೆ ಹೋಗಲಿಲ್ಲ. ಕೌದಿ ಮುಗಿದ ದಿನ ಆಯಿ ಅದನ್ನು ಮಡಚಿ ಮಾಸ್ತರರ ಕೈಗೆ ಕೊಟ್ಟಳು. ಚಳಿಗಾಲದಲ್ಲಿ ಖೋಲಿಯಲ್ಲಿ ಥಂಡಿ ಬಹಳ ಅಂತಿದ್ದಿರಲ್ಲ, ಹೊದ್ದುಕೊಳ್ಳಿರಿ ಅಂದಳು. ಮಾಸ್ತರರು ಕೌದಿಯಲ್ಲಿ ಮುಖ ಮುಚ್ಚಿಕೊಂಡು ನಿಂತುಬಿಟ್ಟರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಅವರಿಬ್ಬರು ಒಬ್ಬರಿಗೊಬ್ಬರು ಏನಾಗಿದ್ದರು ಅಂತ ನನ್ನನ್ನು ಕೇಳಬೇಡಿ. ಅದಕ್ಕೆ ಈಗ ಒಳ್ಳೊಳ್ಳೆ ಹೆಸರುಗಳಿವೆ, ಮೊಮ್ಮಗಳಿಗೆ ಗೊತ್ತು. ಆಯಿಗೆ ಯಾವ ಹೆಸರೂ ಗೊತ್ತಿರಲಿಲ್ಲ. ಆದರೂ ಎಷ್ಟು ಕೇಳಬೇಕೋ ಅಷ್ಟೇ ಕೇಳಿದಳಲ್ಲ, ಅದನ್ನು ನೆನೆದರೆ ನನಗೆ ಇವತ್ತೂ ಎದೆ ತುಂಬಿ ಬರುತ್ತದೆ.

ಮುಂದೆ ಒಂದು ಬೇಸಿಗೆಯಲ್ಲಿ ಅನಾಹುತವಾಯಿತು. ಹೊಸ ಕಾದಂಬರಿಯ ಕೊನೆಯಲ್ಲಿ ದಿವಾಕರ ಲಗ್ನವಾಗಿಬಿಟ್ಟ! ಹುಡುಗಿ ಲಕ್ಷಾಧೀಶನ ಮಗಳು. ಹೇಗೋ ಓದಿ ಮುಗಿಸಿದೆ. ಗೌರಕ್ಕ ಚಪ್ಪಾಳೆ ತಟ್ಟಿದಳು. ಬಾಗಿಲ ಹತ್ತಿರ ಕಾಕಾ ಮತ್ತು ಮಾಸ್ತರರು ಕುಳಿತಿದ್ದರು. ವಾಸು ಎಲ್ಲಿ ಹೋದ ಅಂತ ಆಯಿ ಕೇಳಿದಳು. ಹಾಳೆ ತಿರುವಿ ಹುಡುಕಿದೆ. ವಾಸು ಬೇರೆ ಊರಿಗೆ ಹೋದನೆಂದು ಅರ್ಧ ಸಾಲಿನಲ್ಲಿ ಬರೆದಿತ್ತು.

ಆಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಇವನು ನಮ್ಮ ದಿವಾಕರ ಅಲ್ಲ, ಯಾವನೋ ಅವನ ಹೆಸರು ಇಟ್ಟುಕೊಂಡು ಬಂದಿದ್ದಾನೆ, ಮುಚ್ಚು ಅದನ್ನ ಅಂದಳು. ಬರೆದವನೇ ಹೀಗೆ ಬರೆದಿದ್ದಾನಲ್ಲ ಆಯಿ ಅಂತ ನಾನು ಅಳುತ್ತಾ ಪುಸ್ತಕ ತೋರಿಸಿದೆ. ಆಯಿ ಅದರ ಕಡೆ ನೋಡಲೂ ಇಲ್ಲ, ಬಾಗಿಲ ಕಡೆ ನೋಡಿದಳು.

"ಬರದಾಂವಗ ಏನ ಗೊತ್ತೈತಿ? ಅಂವ ಒಮ್ಮಿ ಬರದ ಕೈ ತೊಳಕೊಂಡಾನ. ವಾರಾ ವಾರಾ ಎದುರಿಗೆ ಕುಂಡ್ರಿಸಿಕೊಂಡಾವ್ರು ನಾವು."