ಸಿದ್ದಾಪುರದಲ್ಲಿ ನಾನು ಸೊಪ್ಪು ಬೆಳೆದದ್ದು

ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಸೊಪ್ಪು ಮಾರುತ್ತಿದ್ದ ಜಾನಕಿ, ಕೊಳ್ಳಲು ನಿಂತ ನನಗೆ ಒಂದು ಕಟ್ಟಿನ ಬೆಲೆ ಹೇಳಿ, ಕಿವಿಯಲ್ಲಿ ಪಿಸುಗುಟ್ಟಿದಳು: "ನಮ್ಮ ಕೂಲಿಯೋರ ಲೈನ್ ಮನೆ ಹಿಂದೆ ಎಸ್ಟೇಟ್ ಜಾಗದಲ್ಲಿ ಬೆಳೆದದ್ದಜ್ಜಿ. ಅಲ್ಲಿ ಟೀ ಕುಡೀತಿರೋ, ಎಸ್ಟೇಟ್ ಲೆಕ್ಕ ಬರೆಯೋ ರೈಟರಿಗೆ ಗೊತ್ತಾದ್ರೆ ಎಲ್ಲಾ ಕಿತ್ತು ಹಾಕಿಸ್ತಾರೆ."

ಅಷ್ಟರಲ್ಲಿ ಸೊಪ್ಪು-ತರಕಾರಿ ಬೆಳೆಯುವವರ ಲೆಕ್ಕ ತೆಗೆಯುವ ಸರ್ವೆ ಹುಡುಗಿ ಬಂದಳು. ಹೋದ ವಾರ ಸಿಕ್ಕ ಬೆಳೆಗಾರರಲ್ಲಿ ಎಷ್ಟು ಮಂದಿ ಈ ವಾರ ಮತ್ತೆ ಸಿಗುತ್ತಾರೆ ಎಂದು ನೋಡಿ, ಕಣ್ಣಿಗೆ ಬೀಳದ ತೋಟಗಳನ್ನು ಅಂದಾಜು ಮಾಡುತ್ತಾರಂತೆ.

"ಇದನ್ನ ಬೆಳೆದೋರು ಯಾರಕ್ಕಾ?"

ರೈಟರ್ ತಿರುಗಿ ನೋಡಿದ. ಜಾನಕಿ ತಲೆ ತಗ್ಗಿಸಿದಳು.

"ನಾನೇ ಮಗಾ," ಎಂದು ಬುಟ್ಟಿಯನ್ನು ನನ್ನ ಕಡೆಗೆ ಎಳೆದುಕೊಂಡೆ. "ಇವಳು ಮಾರಿ ಕೊಡ್ತಾಳೆ ಅಷ್ಟೆ."

"ಹೋದ ವಾರ ನೀವು ಸಿಗ್ಲಿಲ್ವಲ್ಲ ಅಜ್ಜಿ. ಹೊಸಬರು ಸಿಕ್ಕಿದಷ್ಟೂ ಕಾಣದೋರ ಲೆಕ್ಕ ಏರುತ್ತೆ."

"ಏರ್ಲಿ ಬಿಡು. ಕಾಣದೋರು ಇಲ್ಲಿ ಬೇಕಾದಷ್ಟು ಇದ್ದಾರೆ."

ಹುಡುಗಿ ಮುಂದೆ ಹೋದಳು. ರೈಟರ್ ನೇರವಾಗಿ ನಮ್ಮ ಹತ್ತಿರ ಬಂದು, ಬುಟ್ಟಿಗೆ ಬಗ್ಗಿ, ಒಂದು ಕಟ್ಟು ಎತ್ತಿ ಮೂಸಿದ.

"ಎಷ್ಟು?"

ಜಾನಕಿ ತಲೆ ಎತ್ತದೆಯೇ, ನನಗೆ ಹೇಳಿದ್ದಕ್ಕಿಂತ ಐದು ರೂಪಾಯಿ ಜಾಸ್ತಿ ಹೇಳಿದಳು.