‘ಬರ್ತೀನಿ’ ಅಂದಾಂವ

ನನ್ನ ತಮ್ಮ ದೋರನಹಳ್ಳಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವಾಗಲೂ ಅವನ ಮಾತೆಲ್ಲ ಮೊಬೈಲಿನಲ್ಲಿ ನೋಡಿದ ಆಕಾಶನೌಕೆಯ ಕಥೆಯದೇ. ಕೊನೆಯ ಕಂತಿನಲ್ಲಿ ನೌಕೆ ಕ್ಯಾಪ್ಟನ್ ಸಮೇತ ಸುಟ್ಟುಹೋಗಿತ್ತು. ಮುಂದೆ ಬರುವ ಹೊಸ ಸರಣಿಯಲ್ಲಿ ಆ ಕ್ಯಾಪ್ಟನ್ ಇದ್ದೇ ಇರುತ್ತಾನೆಂದು ಗಿರಾಕಿಗಳೊಡನೆ ವಾದಿಸುತ್ತಿದ್ದ.

“ಅಕ್ಕಾ, ಆತ ಸತ್ತಿಲ್ಲ. ಕಡೀಗೆ ‘ಬರ್ತೀನಿ’ ಅಂದಾನ. ಸಾಯಾಂವ ಹಂಗಂತಾನೇನು?”

“ಅದು ಕನ್ನಡಕ್ಕ ಡಬ್ಬಿಂಗ್ ಮಾಡಿದವ್ರು ಹಾಕಿದ ಮಾತೋ, ಹುಚ್ಚಾ.”

“ಯಾರರ ಹಾಕಲಿ. ಬರ್ತೀನಿ ಅಂದಾಂವ ಬರಬೇಕು.”

ತಮ್ಮನಿಗೆ ಕಾಮಾಲೆ ಏರಿದಾಗ, ಕಲಬುರಗಿಯ ಆಸ್ಪತ್ರೆಗೆ ಜೊತೆಗೆ ಬಾ ಎಂದು ಕರೆದ. ಹತ್ತಿ ಬಿಡಿಸುವುದಿದೆ ಎಂದೆ. ಹತ್ತಿ ಎರಡು ದಿನ ತಡೆಯುತ್ತಿತ್ತು. ಅವನು ಬಸ್ಸಿನ ಕಿಟಕಿಯಿಂದ, “ಅಕ್ಕಾ, ಹೋಗ್ತೀನಿ” ಎಂದ. ಮನೆ ಬಿಡುವಾಗ ನಮ್ಮಲ್ಲಿ ಯಾರೂ ಹಾಗೆನ್ನುವುದಿಲ್ಲ. ಮುನಿಸಿನಿಂದಲೇ ಅಂದನೆಂದು ನನಗೆ ಗೊತ್ತಿತ್ತು. “ಬರ್ತೀನಿ ಅನ್ನೋ” ಎಂದು ತಿದ್ದಬಹುದಿತ್ತು. ಬಸ್ಸು ಹತ್ತಬಹುದಿತ್ತು. ನಾನೂ ಸಿಟ್ಟಿನಲ್ಲಿ, “ಹೋಗು” ಎಂದೆ.

ನಾಲ್ಕನೆಯ ದಿನ ಅವನ ಹೆಣ ಬಂತು.

ಈಗ ಹೊಸ ಸರಣಿ ಬಂದಿದೆಯಂತೆ. ನಾನು ನೋಡಿಲ್ಲ. ಅಂಗಡಿಯ ಮುಂದೆ ಹಾಯುವಾಗ, ಅದನ್ನೀಗ ನಡೆಸುವ ಅವನ ಗೆಳೆಯ ಕರೆದು ಹೇಳಿದ: “ಅಕ್ಕಾರ, ಅಂವ ಹೇಳಿದ್ದು ಖರೇ ಆತ್ರಿ. ಕ್ಯಾಪ್ಟನ್ ಬಂದಾನ.”